ಫ್ರಾನ್ಸೆಸ್ಕಾ ವುಡ್‌ಮನ್ (1958–1981)

ಅಮೆರಿಕದ ಛಾಯಾಚಿತ್ರ ಕಲಾವಿದೆ. ತನ್ನನ್ನೇ ವಸ್ತುವಾಗಿಸಿಕೊಂಡು ತೆಗೆದ ಕಪ್ಪು-ಬಿಳುಪು ಚಿತ್ರಗಳಿಗೆ ಪ್ರಸಿದ್ಧೆ. ಜನನ ಕೊಲರಾಡೊದ ಡೆನ್ವರ್‌ನಲ್ಲಿ. ತಂದೆ ಜಾರ್ಜ್ ಚಿತ್ರಕಾರ, ತಾಯಿ ಬೆಟ್ಟಿ ಕುಂಭಕಲಾವಿದೆ.

ಹದಿಮೂರರ ಹರೆಯದಲ್ಲಿ ತೆಗೆದುಕೊಂಡ ಸ್ವಚಿತ್ರವೇ ಈಕೆಯ ಕಲೆಗೆ ಕೀಲಿಕೈ. ಹುಡುಗಿ ಒಬ್ಬಳೇ ಕುಳಿತಿದ್ದಾಳೆ. ಮುಖ ಅತ್ತ ತಿರುಗಿದೆ, ಕೂದಲು ಅದನ್ನು ಪೂರ್ತಿ ಮುಚ್ಚಿದೆ. ಕೈಯಿಂದ ಹೊರಟ ಶಟರ್ ಕೇಬಲ್ ಮಾತ್ರ ಮಸುಕಾಗಿ, ದಪ್ಪವಾಗಿ ನೋಡುಗರತ್ತ ಚಾಚಿದೆ. ತನ್ನನ್ನು ತೋರಿಸುವ, ತೋರಿಸದಿರುವ ಎರಡೂ ಅಧಿಕಾರ ಆ ಎಳೆಯ ಕೈಯಲ್ಲೇ ಇದೆ. ಬಾಲ್ಯದ ಒಂಟಿತನವನ್ನು ಇಷ್ಟು ದಿಟ್ಟವಾಗಿ ಹಿಡಿದ ಛಾಯಾಚಿತ್ರಗಳು ವಿರಳ.

ಮುಂದೆ ರೋಡ್ ಐಲೆಂಡ್ ವಿನ್ಯಾಸ ಶಾಲೆಯಲ್ಲಿ ಓದುವಾಗ ಪ್ರಾವಿಡೆನ್ಸ್‌ನ ಪಾಳು ಮನೆಗಳಲ್ಲೂ, 1977–78ರಲ್ಲಿ ರೋಮ್‌ನಲ್ಲೂ ಚಿತ್ರ ತೆಗೆದಳು. ಶಟರನ್ನು ದೀರ್ಘಕಾಲ ತೆರೆದಿಟ್ಟು ಅದರೆದುರು ಚಲಿಸುತ್ತಿದ್ದುದರಿಂದ ದೇಹ ಹೊಗೆಯಂತೆ ಕರಗುತ್ತದೆ, ಗೋಡೆ ಮತ್ತು ಕಿಟಕಿ ಸ್ಪಷ್ಟವಾಗಿ ಉಳಿಯುತ್ತವೆ. ಕೆಲವು ಚಿತ್ರಗಳಲ್ಲಿ ಕಿತ್ತ ಗೋಡೆಕಾಗದವೇ ಮೈಗೆ ಮರೆ.

22ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ಆತ್ಮಹತ್ಯೆಯಿಂದ ಸಾವು. ಎಲ್ಲ ಚಿತ್ರಗಳನ್ನೂ ಆ ಸಾವಿನ ಮುನ್ಸೂಚನೆಯಾಗಿ ಓದುವ ರೂಢಿ ಅವುಗಳಲ್ಲಿನ ಆಟ, ಪ್ರಯೋಗ, ಹಾಸ್ಯಗಳಿಗೆ ಬಗೆವ ಅನ್ಯಾಯ. 1986ರಲ್ಲಿ ವೆಲ್ಸ್‌ಲಿ ಕಾಲೇಜು ಮತ್ತು ಹಂಟರ್ ಕಾಲೇಜುಗಳು ಏರ್ಪಡಿಸಿದ ಪ್ರದರ್ಶನದಿಂದ ಈಕೆಯ ಕೃತಿಗಳು ವ್ಯಾಪಕವಾಗಿ ಪರಿಚಿತವಾದವು.