ನವಜಾತ ಶಿಶುಗಳಲ್ಲಿ ಬಿಲಿರುಬಿನ್ ಮಾಪನ

ಕೆಂಪು ರಕ್ತಕಣಗಳು ಒಡೆದಾಗ ಹಿಮೋಗ್ಲೋಬಿನ್‌ನಿಂದ ಉಂಟಾಗುವ ಹಳದಿ ವರ್ಣದ್ರವ್ಯವೇ ಬಿಲಿರುಬಿನ್. ಹಸುಗೂಸಿನ ಯಕೃತ್ತು ಇದನ್ನು ಬೇಗ ಹೊರಹಾಕಲಾರದು. ಎರಡು-ಮೂರನೆಯ ದಿನ ಬಹಳಷ್ಟು ಕೂಸುಗಳಲ್ಲಿ ಕಾಮಾಲೆ, ಉತ್ತರ ಕರ್ನಾಟಕದ ಮಾತಿನಲ್ಲಿ ಕಾಮಣಿ, ಕಾಣಿಸಿಕೊಳ್ಳುತ್ತದೆ. ಮಟ್ಟ ವಿಪರೀತ ಏರಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಕಣ್ಣಂದಾಜನ್ನು ನೆಚ್ಚುವಂತಿಲ್ಲ.

ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡಯಜೋ ವಿಧಾನ. ಡಯಜೋ ಕಾರಕವು ಬಿಲಿರುಬಿನ್ ಜೊತೆ ಸೇರಿ ಬಣ್ಣ ಕೊಡುತ್ತದೆ; ಬಣ್ಣ ಗಾಢವಾದಷ್ಟೂ ಮಟ್ಟ ಹೆಚ್ಚು. ಕೂಸಿನ ಬಿಲಿರುಬಿನ್ ಬಹುಪಾಲು ನೀರಿನಲ್ಲಿ ಕರಗದೆ ಅಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಅದನ್ನು ಬಿಡಿಸಲು ಇನ್ನೊಂದು ರಾಸಾಯನಿಕ ಬೇಕು. ಮ್ಯಾಲಾಯ್ ಮತ್ತು ಎವೆಲಿನ್ 1937ರಲ್ಲಿ ಮೆಥನಾಲ್ ಬಳಸಿದರು. ಯೆಂಡ್ರಾಸಿಕ್ ಮತ್ತು ಗ್ರೋಫ್ 1938ರಲ್ಲಿ ಕೆಫೀನ್ ಬಳಸಿದರು. ಹಿಮ್ಮಡಿ ಚುಚ್ಚಿ ಹಿಂಡಿ ತೆಗೆದ ರಕ್ತದಲ್ಲಿ ಕಣಗಳು ಒಡೆಯುವುದು ಸಾಮಾನ್ಯ. ಆಗ ಮೊದಲನೆಯ ವಿಧಾನ ನಿಜಕ್ಕಿಂತ ಕಡಿಮೆ ಮಟ್ಟ ತೋರಿಸುತ್ತದೆ. ಎರಡನೆಯದರಲ್ಲಿ ಕೊನೆಗೆ ಮೂಡುವ ನೀಲಿಯನ್ನು ಹಿಮೋಗ್ಲೋಬಿನ್ ಹೆಚ್ಚು ಬೆಳಕು ಹೀರದ 600 ನ್ಯಾನೋಮೀಟರ್ ಆಸುಪಾಸಿನಲ್ಲಿ ಅಳೆಯುವುದರಿಂದ ಅಡಚಣೆ ಕಡಿಮೆ. ಶಿಶುಗಳಿಗೆ ಇದೇ ಮೇಲು.

ಬಿಲಿರುಬಿನ್ ಆಕ್ಸಿಡೇಸ್ ಕಿಣ್ವದ ಅಥವಾ ವನಾಡೇಟ್‌ನ ವಿಧಾನಗಳಲ್ಲಿ ಹಳದಿ ಎಷ್ಟು ಇಳಿಯಿತು ಎಂಬುದೇ ಅಳತೆ. ರಕ್ತದ ಹಳದಿಯನ್ನೇ ಅಳೆಯುವ ನೇರ ವರ್ಣಮಾಪನಕ್ಕೆ ಕಾರಕವೇ ಬೇಡ, ಒಂದೆರಡು ಹನಿ ರಕ್ತ ಸಾಕು. ಆದರೆ ತಾನೂ ಹಳದಿಯಾದ ಆಹಾರದ ಕ್ಯಾರೋಟಿನ್ ರಕ್ತಕ್ಕೆ ಸೇರುವ ಮೊದಲಿನ ಕೆಲವೇ ವಾರ ಅದು ನಡೆಯುತ್ತದೆ.

ಚುಚ್ಚದೆ ಚರ್ಮದ ಮೇಲಿಟ್ಟು ಅಳೆಯುವ ಮಾಪಕದ ಬಳಕೆಯನ್ನು ಜಪಾನಿನ ಯಮನೌಚಿ ತಂಡ 1980ರಲ್ಲಿ ವರದಿ ಮಾಡಿತು. ಜರಡಿ ಪರೀಕ್ಷೆಗೆ ಅದು ಒಳ್ಳೆಯದು. ಬೆಳಕಿನ ಚಿಕಿತ್ಸೆಯಾದ ಫೋಟೋಥೆರಪಿಯಲ್ಲಿ ಚರ್ಮ ಮಾತ್ರ ಬೇಗ ತಿಳಿಯಾಗುವುದರಿಂದ ಆಗ ನಂಬುವಂತಿಲ್ಲ. ಮಾಪಕದ ಅಂಕಿ ಚಿಕಿತ್ಸೆಯ ಗಡಿಗೆ 3 ಮಿ.ಗ್ರಾಂ. ಅಂತರದೊಳಗೆ ಬಂದರೆ, ಇಲ್ಲವೆ ಡೆಸಿಲೀಟರಿಗೆ 15 ಮಿ.ಗ್ರಾಂ. ಮುಟ್ಟಿದರೆ, ರಕ್ತಪರೀಕ್ಷೆ ಮಾಡಬೇಕೆನ್ನುತ್ತದೆ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ 2022ರ ಮಾರ್ಗಸೂಚಿ.

ವಿಧಾನದ ವ್ಯತ್ಯಾಸ ಕೂಸನ್ನು ಬೇರೆ ಆಸ್ಪತ್ರೆಗೆ ಕಳಿಸುವಾಗಲೂ ಮುಖ್ಯ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕೂಸುಗಳನ್ನು ಹೆಚ್ಚಿನ ಆರೈಕೆಗೆ ಬೆಳಗಾವಿ ನಗರಕ್ಕೆ ಒಯ್ಯಬೇಕಾದರೆ ಸುಮಾರು 50 ಕಿ.ಮೀ. ಅಥವಾ ಅದಕ್ಕೂ ಹೆಚ್ಚಿನ ದಾರಿ. ಅಲ್ಲಿ ಬೇರೆ ಯಂತ್ರ, ಬೇರೆ ವಿಧಾನ ಇರಬಹುದು. ಆಗ ಎರಡು ಕಡೆಯ ಅಂಕಿಗಳ ನಡುವಿನ ಒಂದೆರಡು ಮಿಲಿಗ್ರಾಂ ವ್ಯತ್ಯಾಸ ಏರಿಕೆಯೋ ವಿಧಾನಭೇದವೋ ಹೇಳಲಾಗದು. ಕೂಸಿನೊಂದಿಗೆ ಕಳಿಸುವ ಚೀಟಿಯಲ್ಲಿ ವಿಧಾನವನ್ನೂ ರಕ್ತ ತೆಗೆದಾಗ ಕೂಸಿಗೆ ಎಷ್ಟು ತಾಸಾಗಿತ್ತೆಂಬುದನ್ನೂ ಬರೆಯುವುದು ಅದಕ್ಕೇ. ಮಾದರಿಯನ್ನೇ ದೂರದ ಲ್ಯಾಬಿಗೆ ಕಳಿಸುವಾಗ ಟ್ಯೂಬಿಗೆ ಕಪ್ಪು ಕಾಗದವನ್ನೋ ಫಾಯಿಲನ್ನೋ ಸುತ್ತಬೇಕು. ಬಿಸಿಲಿಗೆ ಬಿದ್ದ ಬಿಲಿರುಬಿನ್ ಒಡೆದುಹೋಗುತ್ತದೆ. ಆಮೇಲೆ ಯಾವ ವಿಧಾನದಲ್ಲಿ ಅಳೆದರೂ ಅಂಕಿ ಕಡಿಮೆಯೇ.