ಕರಾರು ಮುರಿದವರು ಪತ್ರದಲ್ಲಿ ಬರೆದ ದಂಡವನ್ನು ಪೂರ್ತಿ ಕೊಡಲೇಬೇಕೇ?

‘ಎರಡು ಲಕ್ಷ ದಂಡ ಎಂದು ಬರೆಸಿಕೊಂಡರೆ ಸಾಕು, ಮಾತು ತಪ್ಪಿದವರಿಂದ ಅಷ್ಟೂ ವಸೂಲಾಗುತ್ತದೆ’ ಎಂದು ಅನೇಕರು ನಂಬುತ್ತಾರೆ. ನಾವು ಕಾನೂನು ತೆರೆದು ನೋಡಿದೆವು. ಇದು ತಪ್ಪು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯಾಲಯಕ್ಕೆ ಸರಿಯೆನಿಸಿದ ಪರಿಹಾರವಷ್ಟೇ ಸಿಗುತ್ತದೆ.

ದಂಡ ಬರೆಯದಿದ್ದರೆ ಲೆಕ್ಕ ಹೇಗೆ? ಮಾಂಬಳ್ಳಿಯ ರೈತರೊಬ್ಬರು 10 ಕ್ವಿಂಟಾಲ್ ಅರಿಶಿನವನ್ನು ಕ್ವಿಂಟಾಲಿಗೆ 12,000 ರೂಪಾಯಿಯಂತೆ ಮಾರಲು ಒಪ್ಪಿದ್ದರು ಎಂದುಕೊಳ್ಳಿ. ಸರಕು ಎತ್ತುವ ದಿನ ವ್ಯಾಪಾರಿ ಕೈಕೊಟ್ಟರು. ಅಂದಿನ ಮಾರುಕಟ್ಟೆ ದರ 10,500. ನಷ್ಟ 15,000 ರೂಪಾಯಿ. 73ನೇ ಸೆಕ್ಷನ್ ಅಡಿ ಕೇಳಬಹುದಾದದ್ದು ಇಷ್ಟೇ. ದರ ಇನ್ನೂ ಬೀಳುವವರೆಗೆ ಮೂಟೆಗಳನ್ನು ಮನೆಯಲ್ಲೇ ಇಟ್ಟುಕೊಂಡು, ಆ ಹೆಚ್ಚುವರಿ ನಷ್ಟವನ್ನೂ ಕೊಡಿ ಎಂದರೆ ನಡೆಯದು.

ಜಮೀನಿನ ವಿಷಯ ಬೇರೆ. ಹಣ ಬೇಡ, ಜಮೀನೇ ಬೇಕು ಎಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ದಾವೆ ಹೂಡಬಹುದು. ಆದರೆ ಬಾಕಿ ಹಣ ಕೊಡಲು ತಾವು ಸಿದ್ಧರಿದ್ದುದನ್ನು ಸಾಬೀತುಪಡಿಸಬೇಕು.

ಠಾಣೆಗೆ ಹೋದರೆ? ಬರೀ ಮಾತು ತಪ್ಪಿದ್ದು ಅಪರಾಧವಲ್ಲ. ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ ಮಾತ್ರ ಅದು ವಂಚನೆ.

ಅರಿಶಿನದಂಥ ಸರಕಿನ ವ್ಯವಹಾರದಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯುಂಟು, ಸಾಬೀತು ಮಾಡುವುದೇ ಕಷ್ಟ. ಆದ್ದರಿಂದ ವಾಟ್ಸಾಪ್ ಸಂದೇಶ, ಹಣ ಕಳಿಸಿದ ದಾಖಲೆ ಅಳಿಸಬೇಡಿ. ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ‘ನಾಳೆ ಕೊಡ್ತೀನಿ ಬುಡಿ’ ಎಂಬ ಭರವಸೆಗೆ ಅದು ನಿಂತು ಕಾಯುವುದಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ. ಅದಕ್ಕೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ.