ಸಾಂಬಾ: ಬೀಗದ ಗುಟ್ಟು ಯಾರ ಕೈಲಿ?

ಸಾಂಬಾ ಅಂದ ಕೂಡಲೇ ಇಡ್ಲಿ ನೆನಪಾಗುವುದು ಸಹಜ :) ಆದರೆ ನಾನು ಹೇಳಹೊರಟಿರುವುದು ಒಂದು ಮುಕ್ತ ತಂತ್ರಾಂಶದ ಕಥೆ. ಲಿನಕ್ಸ್ ಅಥವಾ ಯುನಿಕ್ಸ್ ಯಂತ್ರದಲ್ಲಿರುವ ಫೈಲುಗಳನ್ನು ವಿಂಡೋಸ್ ಗಣಕಗಳು ತಮ್ಮದೇ ಡ್ರೈವ್ ಎಂಬಂತೆ ತೆರೆಯಲು ಇದು ನೆರವಾಗುತ್ತದೆ. ಇದರ ಸೆಟ್ಟಿಂಗ್ ಫೈಲಿನಲ್ಲಿ 'ಸೆಕ್ಯುರಿಟಿ' ಎಂಬ ಒಂದು ಸಾಲು ಬರುತ್ತದೆ. ಆ ಸಾಲಿನಲ್ಲಿ ಬಂದು ಹೋದ ಐದು ಪದಗಳಲ್ಲೇ ಸಾಂಬಾದ ಅರ್ಧ ಇತಿಹಾಸ ಅಡಗಿದೆ ಅನ್ನುವುದು ನನ್ನ ಅನಿಸಿಕೆ.

ಇದನ್ನು ಶುರು ಮಾಡಿದವರು ಆಂಡ್ರ್ಯೂ ಟ್ರಿಜೆಲ್. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಗಣಕಗಳ ನಡುವಿನ ಮಾತುಕತೆಯನ್ನು ತಂತಿಯ ಮೇಲೇ ಕದ್ದು ಕೇಳಿ, ಅದರ ವ್ಯಾಕರಣವನ್ನು ಊಹಿಸಿ ಬರೆದರು. ಫ್ರೆಂಚ್ ಬಾರದವನು ಫ್ರಾನ್ಸಿನ ಹೋಟೆಲಲ್ಲಿ ಕೂತು, ಕೇಳಿ ಕೇಳಿಯೇ ಭಾಷೆ ಕಲಿತ ಹಾಗೆ ಅಂತ ಅವರೇ ಮುಂದೆ ವಿವರಿಸಿದರು. ಮೊದಲಿಟ್ಟ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಸರಿ, ಎಸ್, ಎಂ, ಬಿ ಅಕ್ಷರಗಳಿರುವ ಪದವನ್ನು ಗಣಕದ ಪದಪಟ್ಟಿಯಲ್ಲೇ ಹುಡುಕಿದರು, 'ಸಾಂಬಾ' ಸಿಕ್ಕಿತು!

ಈಗ ಆ ಐದು ಪದಗಳಿಗೆ ಬರೋಣ. 'ಶೇರ್' ಅಂದರೆ ಪಾಸ್‌ವರ್ಡ್ ಇರುವುದು ಫೋಲ್ಡರಿಗೆ, ಮನುಷ್ಯನಿಗಲ್ಲ. ಉಗ್ರಾಣಕ್ಕೆ ಒಂದೇ ಕೀಲಿಕೈ; ಅದು ಕೈಲಿದ್ದವರೆಲ್ಲ ಒಳಗೆ. 'ಯೂಸರ್' ಅಂದರೆ ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಪಾಸ್‌ವರ್ಡ್ ಕೊಡಿ. ಇದು ಎಷ್ಟೋ ವಾಸಿ. ಆದರೆ ಆಫೀಸಿನಲ್ಲಿ ಹತ್ತು ಸರ್ವರ್ ಇದ್ದರೆ ಹತ್ತು ಪಟ್ಟಿ ಇಟ್ಟುಕೊಳ್ಳಬೇಕಲ್ಲ! ಅದಕ್ಕೇ 'ಸರ್ವರ್' ಬಂತು: ಬಂದವನ ಪಾಸ್‌ವರ್ಡನ್ನು ಪಕ್ಕದ ಸರ್ವರಿಗೆ ದಾಟಿಸಿ "ಇವನು ನಿಮ್ಮವನಾ?" ಅಂತ ಕೇಳುವುದು. ನಡುವೆ ನಿಂತು ಮಾತು ದಾಟಿಸುವ ಈ ಕೆಲಸಕ್ಕೂ ವೇಷ ಹಾಕಿ ಬಂದ ವಂಚಕನ ಕೆಲಸಕ್ಕೂ ತಾಂತ್ರಿಕವಾಗಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ನಾಲ್ಕನೆಯದು 'ಡೊಮೈನ್'. ಇಲ್ಲಿ ಸಾಂಬಾ ಯಂತ್ರಕ್ಕೇ ವಿಂಡೋಸ್ ಎನ್‌ಟಿ ಡೊಮೈನಿನಲ್ಲಿ ಸ್ವಂತ ಖಾತೆ, ಸ್ವಂತ ಗುಟ್ಟು. ಕೇಳುವವನೂ ತನ್ನ ಗುರುತು ತೋರಿಸಿಯೇ ಕೇಳಬೇಕು. ಆದರೆ ಈ ಮಾತುಕತೆಯ ವಿವರವನ್ನು ಮೈಕ್ರೋಸಾಫ್ಟ್ ಹೊರಗೆ ಕೊಟ್ಟಿರಲಿಲ್ಲ. ಹಾಗಾಗಿ ಮತ್ತೆ ಅದೇ ಕದ್ದು ಕೇಳುವ ಕಷ್ಟ! 1999ರ 2.0 ಆವೃತ್ತಿಯಲ್ಲಿ ಸಾಂಬಾ ಡೊಮೈನಿನ ಸದಸ್ಯನಾಗಬಲ್ಲದಾಯಿತು. 2001ರ 2.2ರಲ್ಲಿ ತಾನೇ ಎನ್‌ಟಿ ಡೊಮೈನಿನ ಯಜಮಾನನೂ ಆಗಬಲ್ಲದಾಯಿತು. ಅಷ್ಟರಲ್ಲಿ ವಿಂಡೋಸ್ 2000 ಬಂದು, ಆಕ್ಟಿವ್ ಡೈರೆಕ್ಟರಿ ಎಂಬ ಹೊಸ ಏರ್ಪಾಡು ತಂದಾಗಿತ್ತು. 2003ರ 3.0 ಅದಕ್ಕೆ 'ಎಡಿಎಸ್' ಎಂಬ ಐದನೇ ಪದ ಸೇರಿಸಿತು. ಆದರೂ ಅಲ್ಲಿ ಸಾಂಬಾ ಬರೀ ಸದಸ್ಯ, ಯಜಮಾನಿಕೆ ಇಲ್ಲ.

ಬಾಗಿಲು ತೆರೆದದ್ದು ನ್ಯಾಯಾಲಯದಲ್ಲಿ. 2004ರ ಮಾರ್ಚಿನಲ್ಲಿ ಐರೋಪ್ಯ ಆಯೋಗವು ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ಹಾಕಿ, ಸರ್ವರ್‌ಗಳ ಮಾತುಕತೆಯ ವಿವರ ಬಿಟ್ಟುಕೊಡಬೇಕು ಎಂದಿತು. ಮೈಕ್ರೋಸಾಫ್ಟ್ ಮೇಲ್ಮನವಿ ಹಾಕಿತು. ಸಾಂಬಾ ತಂಡವೂ ಅಲ್ಲಿ ವಾದಕ್ಕೆ ನಿಂತಿತು. 2007ರ ಸೆಪ್ಟೆಂಬರಿನಲ್ಲಿ ಆದೇಶದ ಮುಖ್ಯಭಾಗ ಉಳಿಯಿತು. ಅದೇ ಡಿಸೆಂಬರಿನಲ್ಲಿ 10,000 ಯೂರೋ ಕೊಟ್ಟು ಸಾಂಬಾಕ್ಕಾಗಿ ಆ ದಾಖಲೆಗಳನ್ನು ಪಡೆದರು. ದಾಖಲೆಗಳು ಗುಟ್ಟಾಗಿರಬೇಕು, ಆದರೆ ಅವನ್ನು ಓದಿ ಬರೆದ ಕೋಡ್ ಮುಕ್ತವಾಗಿಯೇ ಇರಬಹುದು ಎಂಬ ಷರತ್ತಿನ ಮೇಲೆ.

2012ರ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಯಲ್ಲಿ ಸಾಂಬಾ ಕೊನೆಗೂ ಆಕ್ಟಿವ್ ಡೈರೆಕ್ಟರಿಯ ಯಜಮಾನನಾಯಿತು. ತಮಾಷೆ ನೋಡಿ, ಅದರ ಪ್ರಕಟಣೆಯಲ್ಲಿ ಮೈಕ್ರೋಸಾಫ್ಟಿನ ನೆರವಿನ ಪ್ರಸ್ತಾಪವೂ ಇತ್ತು! 'ಶೇರ್' ಮತ್ತು 'ಸರ್ವರ್' ಎಂಬ ಹಳೆಯ ಪದಗಳನ್ನು ಅದೇ ಆವೃತ್ತಿಯಲ್ಲಿ ಕಿತ್ತುಹಾಕಿದರು.

ಭದ್ರತೆ ಅಂದರೆ ಗುಟ್ಟು ಅಂತ ನಾವು ತಿಳಿಯುತ್ತೇವೆ. ಗುಟ್ಟಾಗಿರಬೇಕಾದ್ದು ನಿಮ್ಮ ಪಾಸ್‌ವರ್ಡ್ ಮಾತ್ರ. ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಒಬ್ಬರೇ ಮುಚ್ಚಿಟ್ಟುಕೊಂಡರೆ, ಮನೆ ನಿಮ್ಮದಾದರೂ ಬಾಗಿಲು ಅವರದ್ದೇ. ಇಪ್ಪತ್ತು ವರ್ಷ ಸಾಂಬಾ ಜಗಳ ಆಡಿದ್ದು ಇಷ್ಟಕ್ಕೇ ಅಂತ ನನಗನ್ನಿಸುತ್ತದೆ.